ನೆರಳು ಹಕ್ಕಿಗಿರಲಿ, ಬಿಸಿಲು ನಮಗಿರಲಿ

‘ನಮ್ಮ ಕಡೆ ಇರೋದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ.’ ಅಖಂಡ ಬಳ್ಳಾರಿ ಜಿಲ್ಲೆಯವರು ಹೊರಗಿನವರಿಗೆ ಹೇಳುವ ಈ ಹಳೆಯ ಜೋಕು ಏಪ್ರಿಲ್ ಬಂತೆಂದರೆ ಜೋಕಾಗಿ ಉಳಿಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನ ಬಸ್ ನಿಲ್ದಾಣದಲ್ಲಿ ಇಳಿದರೂ ಮಧ್ಯಾಹ್ನ ಒಂದೇ ನೋಟ. ತಲೆಗೆ ಟವೆಲ್, ಕೈಯಲ್ಲಿ ಮಜ್ಜಿಗೆ ಪ್ಯಾಕೆಟ್, ಬೇವಿನ ಮರದ ಬುಡದಲ್ಲಿ ಒತ್ತಿಕೊಂಡು ನಿಂತ ಜನ. ಉಷ್ಣಾಂಶ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಆದರೂ 2024ರ ಏಪ್ರಿಲ್‌ನಲ್ಲಿ ಉತ್ತರ ಒಳನಾಡಿಗೆ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಾಗ, ಬಿಸಿಲನ್ನೇ ಉಂಡು ಬೆಳೆದ ನಮ್ಮ ಹಿರಿಯರೂ ‘ಈ ಸಲದ್ದು ಬ್ಯಾರೇನೇ ಐತಿ’ ಎಂದಿದ್ದರು. ಅದರ ಹಿಂದಿನ ವರ್ಷವಷ್ಟೇ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಕೆರೆಗಳು ಮೊದಲೇ ಬತ್ತಿದ್ದವು.

ಇಂಥ ಬಿಸಿಲಿನಲ್ಲಿ ಹಕ್ಕಿಗಳ ಫೋಟೊ ತೆಗೆಯಲು ಹೋಗುತ್ತೇನೆಂದರೆ ಮನೆಯಲ್ಲಿ ಯಾರು ಒಪ್ಪುತ್ತಾರೆ? ಅವ್ವನದು ಒಂದೇ ಮಾತು: ‘ಇಂಥಾ ಬಿಸ್ಲಾಗ ಮನುಷ್ಯಾರು ತಿರುಗ್ತಾರೇನಪ್ಪಾ? ಆ ಹಕ್ಕೀನೂ ನೆರಳಾಗ ಕುಂತಿರ್ತೈತಿ.’

ಅವ್ವ ಬೈಗುಳವಾಗಿ ಆಡಿದ ಆ ಮಾತು ನನಗೆ ಪಾಠವಾಯಿತು. ಬೇಸಿಗೆಯಲ್ಲಿ ಹಕ್ಕಿ ಹುಡುಕುವುದೆಂದರೆ ಅದು ಎಲ್ಲಿ ನೆರಳು ಹಿಡಿದಿದೆ, ಎಲ್ಲಿ ನೀರಿಗೆ ಇಳಿಯುತ್ತದೆ ಎಂಬುದನ್ನು ತಿಳಿಯುವುದು. ಅದು ತಿಳಿದ ಮೇಲೆ ಅಲ್ಲಿ ನಾವು ಎಷ್ಟು ದೂರ ನಿಲ್ಲಬೇಕು ಎಂಬ ಪ್ರಶ್ನೆ ಬರುತ್ತದೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಆ ಪ್ರಶ್ನೆಯನ್ನೇ.

ಐದು ತಾಲ್ಲೂಕು, ಐದು ಬಗೆಯ ನೆಲ

ನಾನು ಕೊಟ್ಟೂರು ಕಡೆಯವನು. ಡಿಗ್ರಿ ಓದುತ್ತಲೇ ಒಂದು ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಜೋಡಿಸುವ ಕೆಲಸ ಮಾಡುತ್ತೇನೆ. ಎರಡು ಸೀಸನ್‌ನ ಸಂಬಳ ಕೂಡಿಸಿ ಅದೇ ಸ್ಟುಡಿಯೊದ ಹಳೆಯ ಕ್ಯಾಮೆರಾ ಕೊಂಡೆ. ಜೊತೆಗೆ 70–300 ಎಂಎಂ ಲೆನ್ಸ್. ದೊಡ್ಡ ನಗರಗಳ ಹಕ್ಕಿ ಛಾಯಾಗ್ರಾಹಕರ ಹೆಗಲ ಮೇಲಿನ ತೋಪಿನಂಥ ಲೆನ್ಸ್‌ಗಳ ಮುಂದೆ ಇದು ಪೀಪಿ ಇದ್ದಂತೆ. ಭಾನುವಾರ ಸೋದರಮಾವನ ಬೈಕು ಸಿಕ್ಕರೆ ಸುತ್ತಾಟ.

ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆ ಎಂದರೆ ಈ ಐದು ತಾಲ್ಲೂಕುಗಳೇ. ನಕಾಶೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೂ ಹಕ್ಕಿಯ ಕಣ್ಣಿಗೆ ಇವು ಬೇರೆ ಬೇರೆ ದೇಶಗಳು. ಕೂಡ್ಲಿಗಿ ಬಂಡೆಗುಡ್ಡಗಳ, ಕುರುಚಲು ಕಾಡಿನ ನಾಡು. ಗುಡೇಕೋಟೆಯಲ್ಲಿ ಕರಡಿಗಳಿಗೆಂದೇ ಒಂದು ಧಾಮವಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಹಂಪಿ, ದರೋಜಿ, ಗುಡೇಕೋಟೆಯ ಈ ಕಲ್ಲುಗಳ ಸಂದಿಯಲ್ಲೇ ಬದುಕುತ್ತದೆ. ಕೊಟ್ಟೂರು, ಹರಪನಹಳ್ಳಿ ಕಡೆ ಶೇಂಗಾ, ಮೆಕ್ಕೆಜೋಳ ಕಿತ್ತ ಬಯಲು ಹೊಲಗಳು. ಅಲ್ಲಿ ನೆಲಗುಬ್ಬಿ, ಟಿಟ್ಟಿಭ, ನೀಲಕಂಠ. ಹಡಗಲಿಗೆ ಮಲ್ಲಿಗೆಯ ಹೆಸರಿದೆ, ಪಕ್ಕದಲ್ಲೇ ತುಂಗಭದ್ರೆಯೂ ಇದ್ದಾಳೆ. ಹಗರಿಬೊಮ್ಮನಹಳ್ಳಿಗೆ ತುಂಗಭದ್ರಾ ಜಲಾಶಯದ ಹಿನ್ನೀರು, ಮಾಲವಿ ಜಲಾಶಯ, ಎಲ್ಲಕ್ಕಿಂತ ಹೆಚ್ಚಾಗಿ ಅಂಕಸಮುದ್ರದ ಕೆರೆ.

ಬೇಸಿಗೆ ಬಂದಾಗ ಈ ಐದೂ ಕಡೆ ಒಂದೇ ಕಥೆ ನಡೆಯುತ್ತದೆ. ಮರಗಳು ಬೋಳಾಗುತ್ತವೆ, ಹಕ್ಕಿ ಬಚ್ಚಿಟ್ಟುಕೊಳ್ಳಲು ಎಲೆ ಇರುವುದಿಲ್ಲ. ಹೊಂಡಗಳು ಒಣಗುತ್ತವೆ. ಹತ್ತು ಕಡೆ ನೀರು ಕುಡಿಯುತ್ತಿದ್ದ ಹಕ್ಕಿಗಳು ಒಂದೇ ಕಡೆ ಬರಬೇಕಾಗುತ್ತದೆ. ಮುತ್ತುಗ ಹೂ ಬಿಟ್ಟರೆ ಗೊರವಂಕ, ಕಾಜಾಣ, ಪಿಕಳಾರಗಳೆಲ್ಲ ಒಂದೇ ಮರಕ್ಕೆ ಮುತ್ತುತ್ತವೆ. ಮಳೆಗಾಲದಲ್ಲಿ ದಿನವಿಡೀ ಹುಡುಕಿದರೂ ಸಿಗದ ಹಕ್ಕಿ ಮೇ ತಿಂಗಳಲ್ಲಿ ಕಣ್ಣೆದುರೇ ಕೂರುತ್ತದೆ. ಛಾಯಾಗ್ರಾಹಕನಿಗೆ ಇದು ಸುಗ್ಗಿ. ಆದರೆ ಈ ಸುಗ್ಗಿ ಬಂದಿರುವುದು ಹಕ್ಕಿಗೆ ಬೇರೆ ದಾರಿ ಇಲ್ಲದ್ದರಿಂದ. ಈ ಮಾತು ಕ್ಯಾಮೆರಾ ಹಿಡಿದವರ ತಲೆಯಲ್ಲಿ ಸದಾ ಇರಬೇಕು.

ಎಂಟೂವರೆಯ ಮೇಲೆ ಕುದಿಯುವ ಗಾಳಿ

‘ಹಕ್ಕಿ ಹತ್ತಿರವೇ ಇತ್ತು, ಫೋಕಸ್ಸೂ ಸರಿ ಇತ್ತು, ಆದರೂ ಫೋಟೊ ಮಸುಕು. ಲೆನ್ಸ್ ಕೆಟ್ಟಿದೆಯಾ?’ ಹೊಸದಾಗಿ ಕ್ಯಾಮೆರಾ ಕೊಂಡ ಗೆಳೆಯರು ಬೇಸಿಗೆಯಲ್ಲಿ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಲೆನ್ಸ್ ಸರಿ ಇದೆ, ಕೆಟ್ಟಿರುವುದು ಗಾಳಿ. ಕಾದ ನೆಲಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಅದರ ಜಾಗಕ್ಕೆ ತುಸು ತಣ್ಣನೆಯ ಗಾಳಿ ನುಗ್ಗುತ್ತದೆ. ಬಿಸಿ ಗಾಳಿಯಲ್ಲಿ ಬೆಳಕು ಒಂದು ರೀತಿ ಬಾಗಿದರೆ ತಣ್ಣನೆಯದರಲ್ಲಿ ಇನ್ನೊಂದು ರೀತಿ. ಡಾಂಬರು ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತಂತೆ ಅಲುಗಾಡುವುದನ್ನು ನೋಡಿದ್ದೀರಲ್ಲ, ಅದೇ ಆಟ. ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ಲೆನ್ಸ್ ಈ ಅಲುಗಾಟವನ್ನೂ ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಲೆನ್ಸ್‌ಗೂ ಇದರಿಂದ ಪಾರಿಲ್ಲ.

ಹಾಗಾಗಿ ನಮ್ಮ ಬಯಲಿನಲ್ಲಿ ಬೇಸಿಗೆಯ ಹಕ್ಕಿ ಛಾಯಾಗ್ರಹಣ ಅಂದರೆ ಬೆಳಗಿನ ಐದೂಮುಕ್ಕಾಲರಿಂದ ಎಂಟೂವರೆ. ಆಮೇಲೆ ಸಂಜೆ ಐದರಿಂದ ಕತ್ತಲಾಗುವವರೆಗೆ. ಆ ಹೊತ್ತಿನಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ. ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಹಕ್ಕಿಯೂ ಚುರುಕಾಗಿ ಮೇಯುತ್ತಿರುತ್ತದೆ. ಮಧ್ಯಾಹ್ನದ ಬೆಳಕು ನೆತ್ತಿಯಿಂದ ಬಿದ್ದು ಕಣ್ಣಿನ ಕೆಳಗೆ ಕಪ್ಪು ನೆರಳು ಮಾಡುತ್ತದೆ. ಬೆಳ್ಳಕ್ಕಿಯ ಬಿಳಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ.

ನೆರೆಯ ಸಂಡೂರಿನ ಎಂ.ವೈ. ಘೋರ್ಪಡೆಯವರ ಹೆಸರು ಈ ಭಾಗದವರಿಗೆಲ್ಲ ಗೊತ್ತು. ರಾಜಮನೆತನದವರು, ರಾಜ್ಯದ ಹಣಕಾಸು ಸಚಿವರಾಗಿದ್ದವರು. ವನ್ಯಜೀವಿ ಛಾಯಾಗ್ರಾಹಕರಾಗಿ ಹೊರದೇಶಗಳಲ್ಲೂ ಹೆಸರಾದವರು. ಕಪ್ಪು–ಬಿಳುಪಿನ ಚಿತ್ರಗಳಿಗೆ ಪ್ರಸಿದ್ಧರಾಗಿದ್ದ ಅವರು 1983ರಲ್ಲಿ ತಂದ ಪುಸ್ತಕದ ಹೆಸರೇ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’, ಅಂದರೆ ಬಿಸಿಲು ಮತ್ತು ನೆರಳು. ನಮ್ಮ ಸೀಮೆಯ ಛಾಯಾಗ್ರಾಹಕನ ಪುಸ್ತಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು.

ಹಕ್ಕಿ ಬೆವರುವುದಿಲ್ಲ

ಮಧ್ಯಾಹ್ನ ಫೋಟೊಗೆ ಒಳ್ಳೆಯದಲ್ಲದಿದ್ದರೂ ನೋಡುವುದಕ್ಕೆ ಬೇಕಾದಷ್ಟಿದೆ. ಒಂದು ಹುಣಸೆ ಮರದ ಕೆಳಗೆ ದುರ್ಬೀನು ಹಿಡಿದು ಕೂತರೆ ಸಾಕು.

ಹಕ್ಕಿಗಳಿಗೆ ನಮ್ಮಂತೆ ಬೆವರಿನ ಗ್ರಂಥಿಗಳಿಲ್ಲ. ಅವುಗಳ ಮೈಬಿಸಿ ಸಹಜವಾಗಿಯೇ ನಮ್ಮದಕ್ಕಿಂತ ಹೆಚ್ಚು, ಸುಮಾರು 40–42 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಮೈಯಿಂದ ಶಾಖ ಹೊರಹಾಕಲು ಉಳಿಯುವ ದಾರಿ ಒಂದೇ: ಒಳಗಿನ ನೀರನ್ನು ಆವಿ ಮಾಡುವುದು. ಕಾಗೆ, ಗೊರವಂಕಗಳು ಕೊಕ್ಕು ತೆರೆದು ಏದುಸಿರು ಬಿಡುವುದು ಅದಕ್ಕೇ. ನೀರುಕಾಗೆ, ಹೆಜ್ಜಾರ್ಲೆ, ಗೂಬೆಗಳು ಗಂಟಲ ಚರ್ಮವನ್ನು ಪಟಪಟನೆ ಅದುರಿಸುತ್ತವೆ, ಯಾರೋ ಒಳಗಿನಿಂದ ಬೀಸಣಿಗೆ ಬೀಸಿದ ಹಾಗೆ. ಕೊಕ್ಕರೆಗಳ ಉಪಾಯ ಇನ್ನೂ ವಿಚಿತ್ರ. ಅವು ತಮ್ಮ ಕಾಲಿನ ಮೇಲೆ ತಾವೇ ನೀರು ನೀರಾದ ಹಿಕ್ಕೆ ಹಾಕಿಕೊಳ್ಳುತ್ತವೆ. ಅದು ಆರುವಾಗ ಕಾಲಿನ ರಕ್ತ ತಂಪಾಗುತ್ತದೆ. ಬೇಸಿಗೆಯ ಫೋಟೊಗಳಲ್ಲಿ ಕೊಕ್ಕರೆಯ ಕಾಲಿಗೆ ಸುಣ್ಣ ಹಚ್ಚಿದಂತೆ ಕಂಡರೆ ಅದು ಕೊಳೆಯಲ್ಲ, ಅದರ ಕೂಲರ್.

ಈ ಉಪಾಯಗಳಿಗೆಲ್ಲ ಬೇಕಾದದ್ದು ನೀರು. ನೀರಿಗಾಗಿ ಹಾರಿದರೆ ಮೈ ಇನ್ನಷ್ಟು ಬಿಸಿ. ಅದಕ್ಕೇ ಮಧ್ಯಾಹ್ನ ಹಕ್ಕಿ ಅಲುಗಾಡದೆ ಕೂರುತ್ತದೆ. ‘ಎಷ್ಟು ಹತ್ತಿರ ಹೋದರೂ ಹಾರಲಿಲ್ಲ, ನನಗೆ ಹೊಂದಿಕೊಂಡಿತ್ತು’ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. 41 ಡಿಗ್ರಿಯಲ್ಲಿ ಕೂತಲ್ಲೇ ಕೂತ ಹಕ್ಕಿ ನಮಗೆ ಹೊಂದಿಕೊಂಡಿಲ್ಲ. ಹಾರುವ ಖರ್ಚನ್ನು ಅದು ಲೆಕ್ಕ ಹಾಕುತ್ತಿದೆ.

ಅಂಕಸಮುದ್ರದ ಕೊಡೆಗಳು

ಬಿಸಿಲಿನ ಪಾಠಕ್ಕೆ ನಮ್ಮಲ್ಲಿರುವ ದೊಡ್ಡ ಶಾಲೆ ಅಂಕಸಮುದ್ರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಊರ ಕೆರೆಯನ್ನು ಹಿಂದಿನವರು ಕಟ್ಟಿಸಿದ್ದು ನೀರಾವರಿಗೆ. ನೀರಿನ ನಡುವೆ ನಿಂತ ಕರಿಜಾಲಿ ಮರಗಳು ಹಕ್ಕಿಗಳಿಗೆ ಕೇರಿಯಾದವು. ನಾಯಿ, ನರಿ ಈಜಿ ಬರಲಾರವು, ಮುಳ್ಳು ದಾಟಿ ಯಾರೂ ಹತ್ತಲಾರರು. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆ ರಾಮ್ಸರ್ ಪಟ್ಟಿಗೂ ಸೇರಿತು. ಅದಕ್ಕೂ ಮೊದಲು ರಾಜ್ಯದಲ್ಲಿ ಈ ಗೌರವ ಇದ್ದದ್ದು ರಂಗನತಿಟ್ಟಿಗೆ ಮಾತ್ರ. ಒಂದು ನೂರು ಹೆಕ್ಟೇರ್‌ಗೂ ತುಸು ಕಡಿಮೆ ಇರುವ ಈ ಕೆರೆಯಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ ಎಂದು ರಾಮ್ಸರ್ ದಾಖಲೆ ಹೇಳುತ್ತದೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ಇಲ್ಲಿನ ವಿಶೇಷ ಅತಿಥಿಗಳು.

ಕೆರೆ ಏರಿಯ ಮೇಲೆ ನಿಂತರೆ ಸಂತೆಯ ಗದ್ದಲ. ದಕ್ಷಿಣದಲ್ಲಿ ಬಣ್ಣದ ಕೊಕ್ಕರೆಗಳ ಸಂಸಾರ ಚಳಿಗಾಲದಲ್ಲಿ ಶುರುವಾಗಿ ಬೇಸಿಗೆಯೊಳಕ್ಕೂ ಚಾಚುತ್ತದೆ. ಮೈ ತುಂಬ ಗರಿ ಬಾರದ ಮರಿಗೆ ನೇರ ಬಿಸಿಲೇ ದೊಡ್ಡ ಶತ್ರು. ಆಗ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆಯನ್ನು ಅರ್ಧ ಬಿಚ್ಚಿ ನಿಲ್ಲುತ್ತದೆ. ಆ ನೆರಳಿನೊಳಗೆ ಮರಿಗಳು. ಸೂರ್ಯ ಸರಿದಂತೆ ಅದೂ ತಿರುಗುತ್ತದೆ. ಕಾಲು ಗಂಟೆ, ಅರ್ಧ ಗಂಟೆ, ಬಾಯಿ ತೆರೆದು ಏದುಸಿರು ಬಿಡುತ್ತ, ತನ್ನ ಮೈಯೇ ಕೊಡೆಯಾಗಿ. ಜೊತೆಗಾರ ಬಂದ ಮೇಲೆಯೇ ಅದಕ್ಕೆ ಬಿಡುವು.

ಏರಿಯ ಮೇಲಿಂದ ನನ್ನ ಲೆನ್ಸ್‌ನಲ್ಲಿ ಆ ಗೂಡು ಅಂಗೈಯಷ್ಟೂ ಕಾಣದು. ಆದರೆ ದೂರದಿಂದ ತೆಗೆದ ಚಿತ್ರದಲ್ಲಿ ಒಂದು ಲಾಭವಿದೆ. ಒಂದೇ ಮರದಲ್ಲಿ ಏಳೆಂಟು ಗೂಡುಗಳು, ಎಲ್ಲ ತಾಯಂದಿರೂ ಒಂದೇ ದಿಕ್ಕಿಗೆ ಬೆನ್ನು ಮಾಡಿ ರೆಕ್ಕೆ ಬಿಚ್ಚಿ ನಿಂತಿರುವುದು ಒಟ್ಟಿಗೆ ಕಾಣುತ್ತದೆ. ಜಾತ್ರೆಯಲ್ಲಿ ಸಾಲಾಗಿ ಕೊಡೆ ಹಿಡಿದಂತೆ. ಹತ್ತಿರ ಹೋಗಿ ಒಂದು ಗೂಡನ್ನು ತುಂಬಿಸಿಕೊಂಡರೆ ಈ ಸಾಲು ಸಿಗುವುದಿಲ್ಲ. ಹತ್ತಿರ ಹೋದಾಗ ಒಂದು ತಾಯಿ ಹಾರಿದರೆ ಆ ಕೊಡೆ ಮುಚ್ಚಿತು, ಮರಿಯ ಮೇಲೆ ಬಿಸಿಲು ಬಿತ್ತು. ಮೇಲೆ ಕಾಗೆ, ಹದ್ದು ಕಾದೇ ಇರುತ್ತವೆ.

‘ಅಲ್ಲಿ ಕುಂದ್ರಬ್ಯಾಡ ತಮ್ಮಾ’

ಕೂಡ್ಲಿಗಿ ಕಡೆಯ ಕುರುಚಲಿನಲ್ಲಿ ಒಂದು ಹೊಂಡವಿದೆ. ಹೆಸರು, ದಾರಿ ಬೇಡ. ಮೇ ತಿಂಗಳಲ್ಲಿ ಅದರಲ್ಲಿ ನಾಲ್ಕು ಕೊಡದಷ್ಟು ನೀರು ಉಳಿದಿರುತ್ತದೆ. ಅಲ್ಲಿಗೆ ಕಲ್ಲುಗೌಜಲು ಬರುತ್ತವೆ ಎಂದು ಕೇಳಿ ನಸುಕಿನಲ್ಲೇ ಹೋಗಿದ್ದೆ. ಇಂಗ್ಲಿಷಿನಲ್ಲಿ ಸ್ಯಾಂಡ್‌ಗ್ರೌಸ್ ಅನ್ನುವ ಈ ಹಕ್ಕಿ ಪಾರಿವಾಳದ ಗಾತ್ರದ್ದು. ನೆಲದ ಬಣ್ಣವನ್ನೇ ಹೊದ್ದು ಕೂತರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣದು. ಕಾಳು ತಿಂದು ಬದುಕುವ ಹಕ್ಕಿಯಾದ್ದರಿಂದ ಆಹಾರದಲ್ಲಿ ನೀರಿನ ಅಂಶ ಕಡಿಮೆ. ಎಷ್ಟೇ ದೂರವಿದ್ದರೂ ನೀರಿಗೆ ಹಾರಿ ಬರಲೇಬೇಕು.

ನೀರಿನ ಅಂಚಿಗೆ ಒಂದು ಜಾಲಿ ಪೊದೆ ಇತ್ತು. ಅದರೊಳಗೆ ಕೂತರೆ ಹಕ್ಕಿಗೂ ನನಗೂ ಹದಿನೈದು ಹೆಜ್ಜೆ. ನಾನು ಬ್ಯಾಗು ಇಳಿಸುವ ಮೊದಲೇ ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಕೂಗಿದರು:

‘ಅಲ್ಲಿ ಕುಂದ್ರಬ್ಯಾಡ ತಮ್ಮಾ. ನೀ ಅಲ್ಲಿ ಕುಂತ್ರ ಅವು ನೀರಿಗೆ ಇಳಿಯಂಗಿಲ್ಲ.’

‘ಪೊದೆ ಒಳಗ ಕುಂತ್ರ ಕಾಣಂಗಿಲ್ಲಲ್ಲ ಅಜ್ಜಾ?’

‘ನಿನಗ ಅವು ಕಾಣಂಗಿಲ್ಲ. ಅವಕ್ಕ ನೀ ಕಾಣ್ತಿ. ಮರಿ ಬಿಟ್ಟು ಬಂದಿರ್ತಾವ, ಒಂದು ಸುತ್ತು ಹೊಡೆದು ಹೊಳ್ಳಿ ಹೋಗ್ತಾವ. ಅಲ್ಲಿ ಮರಿ ಬಾಯಾರಿ ಸಾಯಬೇಕು.’

ನಾನು ಪುಸ್ತಕದಲ್ಲಿ ಓದಿದ್ದನ್ನೇ ಆ ಅಜ್ಜ ಹೇಳಿದ್ದರು. ಗಂಡು ಕಲ್ಲುಗೌಜಲಿನ ಹೊಟ್ಟೆಯ ಗರಿಗಳು ಸ್ಪಂಜಿನಂತೆ ನೀರು ಹೀರುತ್ತವೆ. ಅದು ನೀರಿನಲ್ಲಿ ಕೂತು ಹೊಟ್ಟೆ ಅಲುಗಾಡಿಸಿ ನೆನೆಸಿಕೊಳ್ಳುತ್ತದೆ, ಮೈಲಿಗಟ್ಟಲೆ ಹಾರಿ ಮರಿಗಳ ಬಳಿ ಹೋಗುತ್ತದೆ. ಮರಿಗಳು ಆ ಗರಿ ಚೀಪಿ ನೀರು ಕುಡಿಯುತ್ತವೆ. 1896ರಲ್ಲಿ ಮೀಡ್ ವಾಲ್ಡೊ ಎಂಬ ಇಂಗ್ಲಿಷರು ತಾವು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಾಗ ಬಹಳ ಜನ ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬ ವಿಜ್ಞಾನಿಗಳು ಆಫ್ರಿಕಾದ ಕಲಹರಿಯಲ್ಲಿ ಕಂಡು ಅದನ್ನು ಖಚಿತಪಡಿಸಿದರು. 2023ರಲ್ಲಿ ಅಮೆರಿಕದ ಸಂಶೋಧಕರು ಆಫ್ರಿಕಾದ ಕಲ್ಲುಗೌಜಲಿನ ಗರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗರಿಯ ಎಳೆಗಳು ಸುರುಳಿ ಬಿಚ್ಚಿ ನೀರು ಹಿಡಿದಿಡುವ ಬಗೆಯನ್ನು ವಿವರಿಸಿದರು. ಒಂದು ಸಲಕ್ಕೆ ಸುಮಾರು 25 ಮಿಲಿಲೀಟರ್, ಅಂದರೆ ಐದು ಚಮಚ. ಅದರಲ್ಲೂ ದಾರಿಯಲ್ಲಿ ಒಂದಿಷ್ಟು ಆರಿಹೋಗುತ್ತದೆ. ಮರಿಗಳ ಪಾಲಿಗೆ ಉಳಿದದ್ದೇ ಆ ದಿನದ ನೀರು.

ಆ ಐದು ಚಮಚಕ್ಕೂ ನನ್ನ ಫೋಟೊಕ್ಕೂ ನಡುವೆ ಒಂದನ್ನು ಆರಿಸಬೇಕಿತ್ತು. ನಾನು ಅಜ್ಜ ತೋರಿಸಿದ ಬಂಡೆಯ ಹಿಂದೆ ಹೋಗಿ ಕೂತೆ. ಹೊಂಡದಿಂದ ಎಪ್ಪತ್ತು ಹೆಜ್ಜೆಗೂ ದೂರ. ಎಂಟು ಗಂಟೆ ದಾಟಿದ ಮೇಲೆ ಕಟಕಟ ಎಂಬ ಸದ್ದು ಆಕಾಶದಲ್ಲಿ ಕೇಳಿತು. ಮೊದಲು ಆರು, ಆಮೇಲೆ ಹನ್ನೊಂದು. ಒಂದು ಸುತ್ತು ಹೊಡೆದವು. ಅಜ್ಜನ ಕುರಿಗಳು ಪಕ್ಕದಲ್ಲೇ ಇದ್ದರೂ ಅವುಗಳ ಚಿಂತೆ ಇರಲಿಲ್ಲ. ಇಳಿದವು, ಎರಡು ಮೂರು ಗುಟುಕು ಕುಡಿದವು, ಹಾರಿದವು. ಒಂದು ಗಂಡು ಮಾತ್ರ ಉಳಿಯಿತು. ನೀರಿನೊಳಗೆ ಹೊಟ್ಟೆ ಇಟ್ಟು ತೊಟ್ಟಿಲಿನಂತೆ ತೂಗಿತು. ನಾನು ಆರು ಚಿತ್ರ ತೆಗೆದೆ. ಅದು ಹಾರಿದಾಗ ಹೊಟ್ಟೆಯಿಂದ ಎರಡು ಹನಿ ಉದುರಿದ್ದು ದುರ್ಬೀನಿನಲ್ಲಿ ಕಂಡಿತು.

ಸ್ಟುಡಿಯೊದ ಯಜಮಾನರಿಗೆ ತೋರಿಸಿದೆ. ಕಂಪ್ಯೂಟರ್ ಪರದೆಗೆ ಮುಖ ಒತ್ತಿ ನೋಡಿ, ‘ಇದರಾಗ ಹಕ್ಕಿ ಎಲ್ಲೈತೋ?’ ಅಂದರು. ನಿಜ, ಅದು ನೆಲಗಡಲೆ ಕಾಳಿನಷ್ಟಿದೆ. ಯಾವ ಸ್ಪರ್ಧೆಗೂ ಕಳಿಸುವಂಥದ್ದಲ್ಲ. ಆದರೆ ನನ್ನ ಬಳಿ ಇರುವ ಸಾವಿರಾರು ಚಿತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಆ ಹಕ್ಕಿ ತನ್ನ ಕೆಲಸ ಮುಗಿಸಿಕೊಂಡು ಹೋಯಿತು ಎಂಬುದಕ್ಕೆ ಅದು ಸಾಕ್ಷಿ.

ಗೂಡಿನ ಮುಂದೆ ನಿಂತರೆ ಅದೂ ಬೇಟೆ

ಹರಪನಹಳ್ಳಿ ಕಡೆಯ ಒಂದು ಬೀಳು ಹೊಲದಲ್ಲಿ ಕಂಡದ್ದು ಇದಕ್ಕೆ ತಿರುವುಮುರುವು. ಬೆಳಿಗ್ಗೆ ಹನ್ನೊಂದು. ರಸ್ತೆಬದಿ ಕಾರು ನಿಂತಿದೆ. ನಾಲ್ಕು ಜನ ಅರ್ಧ ವೃತ್ತದಲ್ಲಿ ಮಂಡಿಯೂರಿದ್ದಾರೆ. ಮೇಲೆ ಟಿಟ್ಟಿಭದ ಜೋಡಿ ಕಿರುಚುತ್ತ ಸುತ್ತುತ್ತಿದೆ. ಅವರ ಮುಂದೆ ನೆಲದಲ್ಲಿ ಸಣ್ಣ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ. ತಾಯಿ ಬಂದು ಕೂರಲಿ, ಒಂದು ಒಳ್ಳೆಯ ಚಿತ್ರ ಸಿಗಲಿ ಎಂದು ಅವರು ಕಾಯುತ್ತಿದ್ದರು. ಅವರು ಹೋಗಲಿ ಎಂದು ತಾಯಿ ಕಾಯುತ್ತಿತ್ತು.

ನಾನು ಹೋಗಿ ಹೇಳಿದೆ. ಒಬ್ಬರು, ‘ಫೋಟೊ ತೆಗೆದರೆ ಮೊಟ್ಟೆಗೆ ಏನಾಗುತ್ತೆ? ನಾವು ಮುಟ್ಟಿಲ್ಲವಲ್ಲ’ ಅಂದರು. ‘ಸರ್, ಒಂದು ಸಲ ನೆಲಕ್ಕೆ ಅಂಗೈ ಇಡ್ರಿ’ ಅಂದೆ. ಇಟ್ಟರು, ತಕ್ಷಣ ತೆಗೆದರು. ಮಾತು ಅಲ್ಲಿಗೆ ಮುಗಿಯಿತು. ಐದು ನಿಮಿಷದಲ್ಲಿ ಕಾರು ಹೊರಟಿತು. ಒಳ್ಳೆಯ ಜನರೇ. ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕೆ ಎಂದಷ್ಟೇ ಅವರಿಗೆ ಗೊತ್ತಿತ್ತು. ನಮ್ಮ ಬೇಸಿಗೆಯ ಹಗಲಿನಲ್ಲಿ ಅದು ಕೂರುವುದು ತಂಪು ಮಾಡುವುದಕ್ಕೆ.

ಗಾಳಿ 40 ಡಿಗ್ರಿ ಇದ್ದಾಗ ಬರಿ ನೆಲ 50 ಡಿಗ್ರಿಗೂ ಮೀರಿ ಕಾಯುತ್ತದೆ. ಮೊಟ್ಟೆಯೊಳಗಿನ ಜೀವ ಅಷ್ಟು ಬಿಸಿಯನ್ನು ಬಹಳ ಹೊತ್ತು ತಡೆಯದು. ಟಿಟ್ಟಿಭ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಗಂಡು ಹೆಣ್ಣು ಸರದಿಯಲ್ಲಿ ಈ ಕೆಲಸ ಮಾಡುತ್ತವೆ. ಬಯಲಿನಲ್ಲೇ ಗೂಡು ಮಾಡುವ ಕೋರ್ಸರ್, ನೆಲಗುಬ್ಬಿ, ನತ್ತಿಂಗಗಳ ಪಾಡೂ ಸುಮಾರು ಇದೇ. ಹೊಳೆ ನಡುವಿನ ಮರಳದಿಣ್ಣೆಗಳ ಮೇಲೆ ಬೇಸಿಗೆಯಲ್ಲಿ ಮೊಟ್ಟೆ ಇಡುವ ಹೊಳೆ ರೀವಗಳದ್ದೂ ಅಷ್ಟೆ. ನಾವು ಮುಟ್ಟಬೇಕಿಲ್ಲ, ಸುಮ್ಮನೆ ನಿಂತರೆ ಸಾಕು.

ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರಲ್ಲಿ ‘ಬೇಟೆ’ ಎಂಬ ಪದದ ಅರ್ಥವನ್ನು ಹೇಳುವಾಗ ಕೊಲ್ಲುವುದು, ಹಿಡಿಯುವುದರ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಲಾಗಿದೆ. ಕೋವಿ ಹಿಡಿದವನಿಗೂ ಕ್ಯಾಮೆರಾ ಹಿಡಿದವನಿಗೂ ಕಾಯ್ದೆ ಇಟ್ಟಿರುವ ಪದ ಒಂದೇ. ದೇಶದ ಹಲವು ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ತೆಗೆದುಕೊಳ್ಳುವುದೇ ಇಲ್ಲ.

ಹಾಗಂತ ಜನರಿಂದ ಹಕ್ಕಿಗೆ ಕೇಡೇ ಎಂದಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಮರಗಳಲ್ಲೇ ಮರಿ ಮಾಡುತ್ತವೆ. ಹಕ್ಕಿ ಬಂದರೆ ಶುಭ ಎಂದು ನಂಬಿದ ಊರು ಅದು. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿಯ ಜನ ಹಕ್ಕಿಯ ಕೆಳಗೇ ಓಡಾಡುತ್ತಾರೆ, ಆದರೆ ಹಕ್ಕಿಯತ್ತ ಹೋಗುವುದಿಲ್ಲ. ಕೂಡ್ಲಿಗಿಯ ಅಜ್ಜನ ಕುರಿಗಳಂತೆ.

ನೀಲಕಂಠ ಕಡಿಮೆಯಾಗುತ್ತಿದೆ

‘ಒಂದು ಫೋಟೊದಿಂದ ಏನು ಮಹಾ ಆಗುತ್ತೆ’ ಎನ್ನುವವರಿಗೆ ಇನ್ನೊಂದು ಲೆಕ್ಕ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳನ್ನು ಅಳೆದು ನೋಡಿತು. ಹುಲ್ಲುಗಾವಲು, ಕುರುಚಲು, ಬಯಲುಗಳನ್ನೇ ನೆಚ್ಚಿಕೊಂಡ ಹಕ್ಕಿಗಳು ಬಹಳ ಬೇಗ ಕಡಿಮೆಯಾಗುತ್ತಿವೆ ಎಂದಿತು. ನಮ್ಮ ರಾಜ್ಯಪಕ್ಷಿ ನೀಲಕಂಠದ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕು ಎಂದೂ ಹೇಳಿತು. ನಮ್ಮ ಕೊಟ್ಟೂರು–ಹರಪನಹಳ್ಳಿ ರಸ್ತೆಯ ಕರೆಂಟು ತಂತಿಯ ಮೇಲೆ ಕೂರುವ ಅದೇ ನೀಲಕಂಠ.

ಆ ವರದಿಯ ಹಿಂದೆ 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ‘ಇ–ಬರ್ಡ್’ನಲ್ಲಿ ದಾಖಲಿಸಿದ ಸುಮಾರು ಮೂರು ಕೋಟಿ ಟಿಪ್ಪಣಿಗಳಿವೆ. ಹೆಚ್ಚಿನವರು ನಮ್ಮ ನಿಮ್ಮಂಥವರೇ. ಫೋಟೊ ಬರದಿದ್ದರೂ ಚಿಂತೆಯಿಲ್ಲ. ಎಲ್ಲಿ, ಎಷ್ಟು ಹೊತ್ತು, ಯಾವ ಹಕ್ಕಿ, ಎಷ್ಟು ಎಂದು ಬರೆದರೆ ಅದೇ ದೊಡ್ಡ ಕೆಲಸ. ಬೇಸಿಗೆಯಲ್ಲಿ ನಾನು ಈಗ ಮಾಡುವುದು ಹೆಚ್ಚಾಗಿ ಇದನ್ನೇ. ಹೆಸರು ಗೊತ್ತಿಲ್ಲದ ಹಕ್ಕಿ ಕಂಡರೆ ತೇಜಸ್ವಿಯವರ ‘ಹಕ್ಕಿಪುಕ್ಕ’ ತೆರೆದು ಕೂರುತ್ತೇನೆ.

ಹೊರಡುವವರಿಗೆ ಒಂದಿಷ್ಟು

ನಮ್ಮ ಸೀಮೆಯ ಬಿಸಿಲಿನಲ್ಲಿ ಕ್ಯಾಮೆರಾ ಹಿಡಿದು ಹೊರಡುವ ಗೆಳೆಯ ಗೆಳತಿಯರಿಗೆ ನಾನು ಹೇಳುವುದು ಇಷ್ಟು:

• ನೀರಿರುವ ಹೊಂಡದ ಅಂಚಿನಲ್ಲಿ ಕೂರಬೇಡಿ. ಹಕ್ಕಿ ಎರಡು ಸಲ ಸುತ್ತು ಹೊಡೆದೂ ಇಳಿಯಲಿಲ್ಲವೆಂದರೆ ನೀವು ಹತ್ತಿರವಿದ್ದೀರಿ ಎಂದೇ ಅರ್ಥ. ಎದ್ದು ಹಿಂದೆ ಸರಿಯಿರಿ.

• ಬಾಯಿ ತೆರೆದು ಏದುಸಿರು ಬಿಡುವ ಹಕ್ಕಿಯನ್ನು ನೆರಳಿನಿಂದ ಎಬ್ಬಿಸಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂತೆಂದು ಅದು ಬಿಸಿಲಿಗೆ ಓಡಿ ಬರುತ್ತದೆ.

• ನೆಲದ ಮೇಲೆ ಹಕ್ಕಿ ಕಿರುಚಿ ಸುತ್ತಿದರೆ, ಕುಂಟುವಂತೆ ನಟಿಸಿದರೆ ನಿಮ್ಮ ಕಾಲ ಬಳಿಯೇ ಮೊಟ್ಟೆ ಇರಬಹುದು. ಬಂದ ಹೆಜ್ಜೆಯಲ್ಲೇ ವಾಪಸಾಗಿ.

• ಗೂಡು, ಹೊಂಡ ಇರುವ ಜಾಗವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ತಾಲ್ಲೂಕಿನ ಹೆಸರು ಸಾಕು.

• ಕ್ಯಾಮೆರಾ ಬ್ಯಾಗಿನ ಮೇಲೆ ಬಿಳಿ ಟವೆಲ್ ಹೊದಿಸಿ. ಕಪ್ಪು ಕ್ಯಾಮೆರಾ ಬೇಗ ಕಾಯುತ್ತದೆ. ಬೈಕಿನ ಟ್ಯಾಂಕ್ ಮೇಲೆ ಇಡಬೇಡಿ.

• ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಎರಡು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ, ತಲೆಗೆ ಟವೆಲ್. ತಲೆ ಸುತ್ತಿದರೆ, ಬೆವರುವುದು ನಿಂತರೆ ಅದು ಸುಸ್ತಲ್ಲ, ಅಪಾಯ. ತಕ್ಷಣ ನೆರಳು ಸೇರಿ, ಮೈಗೆ ನೀರು ಹಾಕಿಕೊಳ್ಳಿ, ಯಾರನ್ನಾದರೂ ಕರೆಯಿರಿ. ಎಲ್ಲಿಗೆ ಹೋಗುತ್ತೀರಿ ಎಂದು ಮನೆಯಲ್ಲಿ ಹೇಳಿಯೇ ಹೊರಡಿ.

• ಮನೆಯ ಹಿತ್ತಿಲಲ್ಲಿ, ನೆರಳಿರುವ ಕಡೆ ಅಗಲ ಬಾಯಿಯ ಮಣ್ಣಿನ ತಟ್ಟೆ ಇಡಿ. ಎರಡು ಬೆರಳು ಆಳದ ನೀರು, ನಡುವೆ ಒಂದು ಕಲ್ಲು. ದಿನ ಬಿಟ್ಟು ದಿನ ತೊಳೆಯಿರಿ. ಬೆಕ್ಕು ಅಡಗುವ ಪೊದೆಯ ಪಕ್ಕ ಬೇಡ.

ಕೊನೆಯದನ್ನು ಮಾಡಿದವರಿಗೆ ಒಂದು ಉಡುಗೊರೆಯೂ ಇದೆ. ಹಿತ್ತಿಲ ತಟ್ಟೆಗೆ ಬರುವ ಪಿಕಳಾರ, ಬೆಳವ, ಹರಟೆಮಲ್ಲಗಳನ್ನು ಅಡುಗೆಮನೆ ಕಿಟಕಿಯಿಂದಲೇ ತೆಗೆಯಬಹುದು. ನಾವು ಒಳಗೆ, ಅವು ಹೊರಗೆ, ನೀರು ಅವುಗಳದ್ದು. ದೊಡ್ಡ ಲೆನ್ಸೂ ಬೇಡ, ಪೆಟ್ರೋಲೂ ಬೇಡ.

ಬಿಸಿಲಿನ ನಾಡಿನಲ್ಲಿ ಹುಟ್ಟಿದ್ದಕ್ಕೆ ನಮ್ಮ ಹುಡುಗರು ಬೇಸರ ಮಾಡಿಕೊಳ್ಳುವುದನ್ನು ಕೇಳಿದ್ದೇನೆ. ಮಲೆನಾಡಿನ ಹಸಿರು ಫೋಟೊಗಳ ಮುಂದೆ ನಮ್ಮ ಕಂದು ಬಯಲು ಸಪ್ಪೆ ಅನಿಸುತ್ತದಂತೆ. ಹೊಟ್ಟೆಯಲ್ಲಿ ನೀರು ಹೊತ್ತು ಹಾರುವ ಅಪ್ಪ, ರೆಕ್ಕೆಯನ್ನೇ ಕೊಡೆ ಮಾಡಿ ನಿಲ್ಲುವ ಅವ್ವ, ಸುಡುವ ನೆಲದ ಮೇಲೆ ನಾಲ್ಕು ಮೊಟ್ಟೆಗೆ ತಂಪೆರೆಯುವ ಜೋಡಿ ಇವೆಲ್ಲ ಕಾಣುವುದು ನಮ್ಮಂಥ ಬಿಸಿಲ ಸೀಮೆಯಲ್ಲೇ. ಈ ಬೇಸಿಗೆಯಲ್ಲಿ ನೀವೂ ನೋಡಿ. ತುಸು ದೂರದಿಂದ ನೋಡಿ.